ಸೈಟು, ಜಮೀನು ಕೊಳ್ಳುವ ಮುನ್ನ ದಾಖಲೆಗಳನ್ನು ಓದುವ ಬಗೆ

ಆಸ್ತಿ ಕೊಳ್ಳುವ ವಿಚಾರವಾಗಿ ವಕೀಲರ ಬಳಿ ಬರುವವರಲ್ಲಿ ಬಹುಪಾಲು ಜನ ಮುಂಗಡ ಕೊಟ್ಟಾದ ಮೇಲೆ ಬರುತ್ತಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಮಾರುವವರು ಕೊಟ್ಟ ಜೆರಾಕ್ಸ್ ಪ್ರತಿಗಳು, ಬಾಯಲ್ಲಿ ಒಂದೇ ಪ್ರಶ್ನೆ: “ರಿಜಿಸ್ಟರ್ ಆಗುತ್ತದಲ್ಲ, ಇನ್ನೇನು ಭಯ?” ನಾನು ಇಷ್ಟು ವರ್ಷಗಳಲ್ಲಿ ನೋಡಿದ ಆಸ್ತಿ ವ್ಯಾಜ್ಯಗಳಲ್ಲಿ ಬಹಳಷ್ಟು ಈ ಒಂದು ನಂಬಿಕೆಯಿಂದಲೇ ಹುಟ್ಟಿದವು. ಸ್ವತ್ತು ವರ್ಗಾವಣೆ ಅಧಿನಿಯಮ, 1882ರ ಕಲಂ 54ರಂತೆ ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯನ್ನು ನೋಂದಾಯಿತ ಪತ್ರದ ಮೂಲಕವೇ ಮಾರಬೇಕು ಎಂಬುದು ನಿಜ. ಆದರೆ ಉಪನೋಂದಣಾಧಿಕಾರಿಯವರು ನೋಡುವುದು ಪತ್ರ ಬರೆದುಕೊಟ್ಟವರು ಇವರೇ ಹೌದೇ, ಶುಲ್ಕ ಸರಿಯಾಗಿ ತುಂಬಿದ್ದಾರೆಯೇ, ಕಾನೂನು ಕೇಳುವ ದಾಖಲೆಗಳು ಜೊತೆಗಿವೆಯೇ ಎಂಬುದನ್ನು. ಮಾರುವವರಿಗೆ ಆ ಆಸ್ತಿಯ ಮೇಲೆ ನಿಜವಾಗಿ ಹಕ್ಕಿತ್ತೇ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ಮಾರುವವರಿಗೆ ಎಷ್ಟು ಹಕ್ಕಿತ್ತೋ ಅಷ್ಟೇ ಕೊಳ್ಳುವವರಿಗೆ ಬರುತ್ತದೆ. ಹಕ್ಕೇ ಇಲ್ಲದವರು ಬರೆದುಕೊಟ್ಟ ಕ್ರಯಪತ್ರ ಎಷ್ಟು ಅಂದವಾಗಿ ನೋಂದಣಿಯಾಗಿದ್ದರೂ ಅದರಿಂದ ಆಸ್ತಿ ಕೈಗೆ ಬರುವುದಿಲ್ಲ.

ಆದ್ದರಿಂದ ಮೊದಲು ಮಾಡಬೇಕಾದದ್ದು ಮಾರುವವರಿಗೆ ಆ ಆಸ್ತಿ ಹೇಗೆ ಬಂತು, ಅವರಿಗೆ ಕೊಟ್ಟವರಿಗೆ ಹೇಗೆ ಬಂತು ಎಂದು ಹಿಂದಕ್ಕೆ ಹೋಗುತ್ತಾ ತಾಯಿಪತ್ರದವರೆಗೆ, ಅಂದರೆ ಹಕ್ಕಿನ ಸರಪಣಿ ಶುರುವಾಗುವ ಮೊದಲ ಪತ್ರದವರೆಗೆ, ಓದುವುದು. ಕನಿಷ್ಠ ಮೂವತ್ತು ವರ್ಷಗಳ ದಾಖಲೆ ನೋಡಬೇಕೆಂಬ ರೂಢಿಗೆ ಕಾರಣವಿದೆ: ಅಡಮಾನವಿಟ್ಟ ಸ್ಥಿರಾಸ್ತಿಯನ್ನು ಬಿಡಿಸಿಕೊಳ್ಳಲು ದಾವೆ ಹೂಡುವುದಕ್ಕೆ ಕಾಲಮಿತಿ ಅಧಿನಿಯಮವು ಮೂವತ್ತು ವರ್ಷಗಳ ಅವಧಿ ಕೊಟ್ಟಿದೆ, ಹಾಗಾಗಿ ಇಪ್ಪತ್ತೈದು ವರ್ಷಗಳ ಹಿಂದಿನ ಒಂದು ಅಡಮಾನ ಪತ್ರವೂ ಇಂದು ಜೀವಂತವಾಗಿರಬಹುದು. ಸರಪಣಿಯ ಪ್ರತಿಯೊಂದು ಕೊಂಡಿಯಲ್ಲೂ, ಅದು ಕ್ರಯಪತ್ರವಿರಲಿ, ವಿಭಾಗಪತ್ರವಿರಲಿ, ದಾನಪತ್ರವಿರಲಿ, ಮರಣಶಾಸನವಿರಲಿ, ಸರ್ಕಾರದ ಮಂಜೂರಾತಿ ಆದೇಶವಿರಲಿ, ಕೊಟ್ಟವರ ಹೆಸರು ಹಿಂದಿನ ಪತ್ರದಲ್ಲಿ ಪಡೆದವರ ಹೆಸರಿಗೆ ಹೊಂದಬೇಕು, ವಿಸ್ತೀರ್ಣ ಹೊಂದಬೇಕು, ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಗಳು, ಹೊಂದಬೇಕು. ಮೂಲಪತ್ರಗಳನ್ನೇ ನೋಡಲು ಕೇಳಿ. ಮೂಲಪತ್ರ ಕೈಯಲ್ಲಿಲ್ಲ ಎಂದರೆ ಅದು ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಮುಂದೆ ಹೋಗಬೇಡಿ, ಏಕೆಂದರೆ ಬಹಳ ಸಲ ಅದು ಸಾಲ ಕೊಟ್ಟವರ ಕಪಾಟಿನಲ್ಲಿರುತ್ತದೆ.

ಚಕ್ಕುಬಂದಿಯ ವಿಚಾರವನ್ನು ಒಂದು ಉದಾಹರಣೆಯಿಂದಲೇ ಹೇಳಬೇಕು. ನಿವೃತ್ತ ಶಿಕ್ಷಕರೊಬ್ಬರು 30-40ರ ಒಂದು ಸೈಟಿನ ಕಾಗದಗಳನ್ನು ತಂದಿದ್ದರು. ಮೊದಲ ಕ್ರಯಪತ್ರದಲ್ಲಿ ಪೂರ್ವಕ್ಕೆ 11ನೇ ಸೈಟು, ಪಶ್ಚಿಮಕ್ಕೆ 13ನೇ ಸೈಟು, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಖಾಸಗಿ ಜಮೀನು ಎಂದಿತ್ತು. ಹದಿನೇಳು ವರ್ಷಗಳ ನಂತರದ ಎರಡನೆಯ ಕ್ರಯಪತ್ರದಲ್ಲಿ ಉತ್ತರ ಮತ್ತು ದಕ್ಷಿಣ ಅದಲುಬದಲಾಗಿ, ದಕ್ಷಿಣಕ್ಕೆ ರಸ್ತೆ ಎಂದು ಟೈಪಾಗಿತ್ತು. ಸಣ್ಣ ತಪ್ಪು ಎನ್ನಿಸುತ್ತದೆ. ಆದರೆ ಸ್ಥಳಕ್ಕೆ ಹೋಗಿ ನಿಂತು ನೋಡಿದರೆ ಎರಡನೆಯ ಪತ್ರ ವರ್ಣಿಸುತ್ತಿದ್ದುದು ರಸ್ತೆಯ ಆಚೆ ಬದಿಯಲ್ಲಿ ಬೇರೊಬ್ಬರು ಮನೆ ಕಟ್ಟಿಕೊಂಡಿದ್ದ ಸೈಟನ್ನು. ಅದನ್ನು ಸರಿಪಡಿಸಲು ತಿದ್ದುಪಡಿ ಪತ್ರ ಬೇಕು, ಆ ಪತ್ರಕ್ಕೆ ಎರಡನೆಯ ಕ್ರಯಪತ್ರ ಬರೆದುಕೊಟ್ಟವರ ಸಹಿ ಬೇಕು, ಅವರು ತೀರಿಕೊಂಡಿದ್ದರಿಂದ ಅವರ ಆರು ಜನ ವಾರಸುದಾರರ ಸಹಿ ಬೇಕಾಯಿತು. ಮುಂಗಡ ಕೊಡುವ ಮುನ್ನವೇ ಇದು ಕಣ್ಣಿಗೆ ಬಿದ್ದದ್ದರಿಂದ ಆ ಎಂಟು ತಿಂಗಳ ಓಡಾಟ ಮಾರುವವರ ಪಾಲಿಗೆ ಹೋಯಿತು. ಕ್ರಯವಾದ ಮೇಲೆ ತಿಳಿದಿದ್ದರೆ ಅದು ಶಿಕ್ಷಕರ ಪಾಲಿಗೇ ಬರುತ್ತಿತ್ತು. ಪತ್ರವನ್ನು ಕೈಯಲ್ಲಿ ಹಿಡಿದು, ಸ್ಥಳದಲ್ಲಿ ನಿಂತು, ನಾಲ್ಕು ದಿಕ್ಕನ್ನೂ ಒಂದೊಂದಾಗಿ ಓದಿ ನೋಡುವ ಕೆಲಸಕ್ಕೆ ಒಂದು ಬೆಳಿಗ್ಗೆ ಸಾಕು.

ಕೃಷಿ ಜಮೀನಾದರೆ ಪಹಣಿಯನ್ನು ಸಾವಧಾನವಾಗಿ ಓದಬೇಕು. ಎಲ್ಲರೂ 9ನೇ ಕಾಲಂನಲ್ಲಿ ಮಾರುವವರ ಹೆಸರಿದೆಯೇ ಎಂದು ನೋಡಿ ಮಡಿಸಿಡುತ್ತಾರೆ. ಅದರ ಪಕ್ಕದ 10ನೇ ಕಾಲಂನಲ್ಲಿ ಆ ಹೆಸರು ಯಾವ ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರಿನ ಮೂಲಕ ಬಂತು ಎಂದಿರುತ್ತದೆ, ಆ ಎಂ.ಆರ್., ಅಂದರೆ ಮ್ಯುಟೇಶನ್ ರಿಜಿಸ್ಟರಿನ, ಪ್ರತಿಯನ್ನು ತೆಗೆಸಿ ನೋಡಿದರೆ ಅದು ಕ್ರಯದಿಂದ ಬಂತೇ, ಹಿಂದಿನವರು ತೀರಿಕೊಂಡ ಮೇಲೆ ಪೌತಿಯಿಂದ ಬಂತೇ, ಮಂಜೂರಾತಿಯಿಂದ ಬಂತೇ ಎಂಬುದು ತಿಳಿಯುತ್ತದೆ. 11ನೇ ಕಾಲಂನಲ್ಲಿ ಸಹಕಾರ ಸಂಘದ ಅಥವಾ ಬ್ಯಾಂಕಿನ ಸಾಲ, ನ್ಯಾಯಾಲಯದ ಆದೇಶ, ಇತರ ಋಣಗಳು ನಮೂದಾಗಿರುತ್ತವೆ. 3ನೇ ಕಾಲಂನಲ್ಲಿ ಖರಾಬಿನ, ಅಂದರೆ ಸಾಗುವಳಿಗೆ ಬಾರದ ಜಾಗದ, ಲೆಕ್ಕವಿದೆ, ಇದನ್ನು ಗಮನಿಸುವವರು ತೀರಾ ಕಡಿಮೆ. ಒಟ್ಟು ವಿಸ್ತೀರ್ಣ 2 ಎಕರೆ 20 ಗುಂಟೆ, ಅ ಖರಾಬು 2 ಗುಂಟೆ, ಬ ಖರಾಬು 8 ಗುಂಟೆ ಎಂದಿದ್ದರೆ ಉಳಿಯುವುದು 2 ಎಕರೆ 10 ಗುಂಟೆ. ಅ ಖರಾಬು ಸಾಗುವಳಿಗೆ ಯೋಗ್ಯವಲ್ಲದಿದ್ದರೂ ಹಿಡುವಳಿದಾರರ ಜಮೀನಿನ ಭಾಗವೇ. ಬ ಖರಾಬು ಎಂದರೆ ಹಳ್ಳ, ದಾರಿ, ಸ್ಮಶಾನದಂತಹ ಸಾರ್ವಜನಿಕ ಉಪಯೋಗದ ಜಾಗ, ಅದನ್ನು ಯಾರೂ ಮಾರುವಂತಿಲ್ಲ. ಆ 8 ಗುಂಟೆಗೂ ಸೇರಿಸಿ ದುಡ್ಡು ಕೊಟ್ಟವರನ್ನು ನಾನು ಕಂಡಿದ್ದೇನೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11-ಇ ನಕ್ಷೆ ಮೊದಲೇ ಆಗಿರಬೇಕು. ಸರ್ವೆ ಇಲಾಖೆಯ ವಿಸ್ತೀರ್ಣ ಮತ್ತು ಅಳತೆಯ ದಾಖಲೆಗಳಾದ ಆಕಾರಬಂದ್ ಮತ್ತು ಟಿಪ್ಪಣಿ ತೆಗೆಸಿ ಪಹಣಿಯ ವಿಸ್ತೀರ್ಣದೊಂದಿಗೆ ಹೋಲಿಸುವುದೂ ಒಳ್ಳೆಯದು. ಕರ್ನಾಟಕ ಭೂಸುಧಾರಣಾ ಅಧಿನಿಯಮದ ಕಲಂ 79-ಎ ಮತ್ತು 79-ಬಿ 2020ರ ತಿದ್ದುಪಡಿಯಿಂದ ಹೋಗಿರುವುದರಿಂದ ಕೃಷಿಕರಲ್ಲದವರೂ ಈಗ ಕೃಷಿ ಜಮೀನು ಕೊಳ್ಳಬಹುದು. ಆದರೆ ಆ ಜಮೀನಿನಲ್ಲಿ ಮನೆ ಕಟ್ಟಬೇಕಾದರೆ ಭೂ ಕಂದಾಯ ಅಧಿನಿಯಮದ ಕಲಂ 95ರ ಅಡಿಯ ಭೂ ಪರಿವರ್ತನೆ, ಅಂದರೆ ಕೃಷಿಯೇತರ ಬಳಕೆಯ ಅನುಮತಿ, ಸಾಮಾನ್ಯವಾಗಿ ಬೇಕು. ಪರಿವರ್ತನೆಯಾಗದ ಜಮೀನನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರುವ ರೆವಿನ್ಯೂ ಸೈಟುಗಳಿಂದ ದೂರವಿರಿ ಎಂದೇ ನನ್ನ ಸಲಹೆ.

ಇದಕ್ಕಿಂತಲೂ ದೊಡ್ಡ ಅಪಾಯ ಮಂಜೂರಾತಿ ಜಮೀನಿನದು. ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ವರ್ಗಾಯಿಸಿದರೆ, 1978ರ ಕಾಯಿದೆ, ಅಂದರೆ ಜನ ಪಿ.ಟಿ.ಸಿ.ಎಲ್. ಎಂದು ಕರೆಯುವ ಕಾಯಿದೆಯ ಪ್ರಕಾರ, ಆ ಕ್ರಯ ಶೂನ್ಯ. ಕೊಂಡವರು ಪೂರ್ತಿ ಬೆಲೆ ಕೊಟ್ಟಿದ್ದಾರೆ, ನಡುವೆ ನಾಲ್ಕು ಕೈ ಬದಲಾಗಿದೆ ಎಂಬ ಯಾವ ಸಮಜಾಯಿಷಿಯೂ ಆ ಕ್ರಯವನ್ನು ಉಳಿಸದು. ಜಮೀನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳುತ್ತದೆ. ಬಹಳ ಕಾಲ ಕಳೆದಿದೆ ಎಂಬ ವಾದಕ್ಕೆ ನ್ಯಾಯಾಲಯಗಳು ಕೆಲಕಾಲ ಮನ್ನಣೆ ಕೊಟ್ಟಿದ್ದವು, 2023ರಲ್ಲಿ ರಾಜ್ಯ ಶಾಸಕಾಂಗ ತಿದ್ದುಪಡಿ ತಂದು ಕಾಲಮಿತಿ ಅನ್ವಯಿಸದು ಎಂದು ಹೇಳಿತು. ಈ ಕಾಯಿದೆ ಇರುವುದು ದುರ್ಬಲರ ಕೈಯಿಂದ ಭೂಮಿ ಜಾರದಂತೆ ನೋಡಿಕೊಳ್ಳುವುದಕ್ಕೆ, ಹಾಗಿರುವುದು ನ್ಯಾಯವೇ; ಕೊಳ್ಳುವವರು ಮೊದಲೇ ಮಂಜೂರಾತಿ ಆದೇಶವನ್ನೂ ಮಂಜೂರಾದವರಿಗೆ ಕೊಟ್ಟ ಸಾಗುವಳಿ ಚೀಟಿಯನ್ನೂ ತೆಗೆಸಿ ಓದುವುದೊಂದೇ ದಾರಿ. ಅದೇ ರೀತಿ ಭೂ ನ್ಯಾಯಮಂಡಳಿಯಿಂದ ಗೇಣಿದಾರರಿಗೆ ಅಧಿಭೋಗದ ಹಕ್ಕು (ಉಳುವ ಜಮೀನಿನ ಒಡೆತನ) ಬಂದ ಜಮೀನನ್ನು ಅಂತಿಮ ಆದೇಶದಿಂದ 15 ವರ್ಷಗಳವರೆಗೆ ಪರಭಾರೆ, ಅಂದರೆ ಬೇರೆಯವರಿಗೆ ವರ್ಗಾವಣೆ, ಮಾಡುವಂತಿರಲಿಲ್ಲ; ಹಳೆಯ ಕ್ರಯವೊಂದು ಆ ಅವಧಿಯೊಳಗೆ ನಡೆದಿದೆಯೇ ಎಂದು ದಿನಾಂಕಗಳನ್ನು ಎದುರುಬದುರು ಇಟ್ಟು ನೋಡಬೇಕು.

ಋಣಭಾರ ಪ್ರಮಾಣಪತ್ರವನ್ನು, ಎಲ್ಲರ ಬಾಯಲ್ಲಿ ಇ.ಸಿ. ಆಗಿರುವ ಕಾಗದವನ್ನು, ಜನ ಅಗತ್ಯಕ್ಕಿಂತ ಹೆಚ್ಚು ನಂಬುತ್ತಾರೆ. ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನೋಂದಾಯಿಸದ ಕರಾರು, ಮನೆಯೊಳಗೆ ಮಾತಿನಲ್ಲಾದ ಪಾಲು, ಪೆಟ್ಟಿಗೆಯಲ್ಲಿರುವ ಉಯಿಲು, ನಡೆಯುತ್ತಿರುವ ದಾವೆ, ಬರೀ ಮೂಲಪತ್ರ ಒಪ್ಪಿಸಿ ಪಡೆದ ಸಾಲ, ಇವು ಅದರಲ್ಲಿ ಕಾಣದೇ ಇರಬಹುದು. 2004ರ ಏಪ್ರಿಲ್ ನಂತರದ ವಿವರ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಕಚೇರಿಯ ಕೈಬರಹದ ಪುಸ್ತಕಗಳ ಶೋಧನೆ ಆಗಬೇಕು. ಅರ್ಜಿಯಲ್ಲಿ ನೀವು ಹೇಗೆ ವರ್ಣಿಸುತ್ತೀರೋ ಅದರಂತೆಯೇ ಉತ್ತರ ಬರುವುದರಿಂದ, ಬಡಾವಣೆಯ ಸೈಟಾದರೆ ಸೈಟ್ ನಂಬರಿಗೆ ಒಂದು, ಬಡಾವಣೆಗೆ ಮೊದಲಿನ ಸರ್ವೆ ನಂಬರಿಗೆ ಒಂದು, ಹಳೆಯ ಖಾತೆ ನಂಬರ್ ಬೇರೆಯಿದ್ದರೆ ಅದಕ್ಕೊಂದು, ಹೀಗೆ ಪ್ರತ್ಯೇಕವಾಗಿ ಇ.ಸಿ. ತೆಗೆಸಿ. ದಾವೆ ಇದೆಯೇ ಎಂದು ಮಾರುವವರ ಮತ್ತು ಅವರ ಮನೆಯವರ ಹೆಸರಿನಲ್ಲಿ ಇ-ಕೋರ್ಟ್ಸ್ ತಾಣದಲ್ಲಿ ಹುಡುಕಿ, ಏಕೆಂದರೆ ದಾವೆ ನಡೆಯುತ್ತಿರುವಾಗ ಕೊಂಡವರು, ಅವರಿಗೆ ವಿಷಯ ತಿಳಿದಿರಲಿ ಬಿಡಲಿ, ಕೊನೆಗೆ ಬರುವ ತೀರ್ಪಿಗೆ ಬದ್ಧರಾಗುತ್ತಾರೆ. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು ತಕರಾರು ಇದ್ದವರು ತಿಳಿಸಲಿ ಎಂದು ಕೇಳುವುದರ ಖರ್ಚು ಅಲ್ಪ, ಮತ್ತು ಮಾರುವವರು ಅದಕ್ಕೆ ಒಪ್ಪದಿದ್ದರೆ ಆ ನಿರಾಕರಣೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಯಾರ್ಯಾರ ಸಹಿ ಬೇಕು ಎಂಬ ಪ್ರಶ್ನೆಗೆ ಬರೋಣ. ಮಾರುವವರು ಸ್ವಂತ ದುಡಿಮೆಯಿಂದ ಕೊಂಡ ಆಸ್ತಿಯಾದರೆ ಅವರೊಬ್ಬರ ಸಹಿ ಸಾಕು. ಮಕ್ಕಳ ಸಹಿ ಹಾಕಿಸುವುದು ಎಚ್ಚರಿಕೆಗಷ್ಟೇ. ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳೂ ಗಂಡುಮಕ್ಕಳಷ್ಟೇ ಹಕ್ಕುದಾರರು. ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ 2005ರಲ್ಲಿ ಬಂದ ತಿದ್ದುಪಡಿಯ ಲಾಭ ಪಡೆಯಲು ತಂದೆ ಆ ದಿನ ಬದುಕಿರಬೇಕಾಗಿರಲಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿದ್ದ ಪರಭಾರೆ ಮತ್ತು ವಿಭಾಗಗಳಿಗೆ ಮಾತ್ರ ತಿದ್ದುಪಡಿಯಿಂದ ಧಕ್ಕೆಯಿಲ್ಲ. ಆದರೂ ಇಂದಿಗೂ ಎಷ್ಟೋ ವಂಶವೃಕ್ಷಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೇ ಇರುವುದಿಲ್ಲ. “ಅವರಿಗೆ ಅರಿಶಿನ ಕುಂಕುಮಕ್ಕೆಂದು ಕೊಟ್ಟಾಗಿದೆ” ಎಂದು ಅಣ್ಣತಮ್ಮಂದಿರು ಹೇಳುವ ಮಾತು ಹಕ್ಕು ಬಿಡುಗಡೆಯಾಗದು, ನೋಂದಾಯಿತ ಹಕ್ಕು ಬಿಡುಗಡೆ ಪತ್ರವೇ ಬೇಕು. ನಾನಂತೂ ವಂಶವೃಕ್ಷದ ಕಾಗದವನ್ನು ಪಕ್ಕಕ್ಕಿಟ್ಟು, ಅಕ್ಕತಂಗಿಯರು ಎಷ್ಟು ಜನ, ಯಾವ ಊರಿಗೆ ಕೊಟ್ಟಿದ್ದಾರೆ, ತೀರಿಕೊಂಡವರಿಗೆ ಮಕ್ಕಳಿದ್ದಾರೆಯೇ ಎಂದು ನೇರವಾಗಿ ಕೇಳುತ್ತೇನೆ. ಊರಿನ ಹಿರಿಯರನ್ನು ಕೇಳಿದರೆ ಕಾಗದದಲ್ಲಿಲ್ಲದ ಒಂದು ಹೆಸರು ಎಷ್ಟೋ ಸಲ ಹೊರಬರುತ್ತದೆ. ಅಪ್ರಾಪ್ತ ವಯಸ್ಕರ ಪ್ರತ್ಯೇಕ ಆಸ್ತಿಯನ್ನು ಪೋಷಕರು ಮಾರಲು ನ್ಯಾಯಾಲಯದ ಅನುಮತಿ ಬೇಕು. ಅನುಮತಿಯಿಲ್ಲದೆ ಮಾರಿದ್ದರೆ ಆ ಮಗು ಪ್ರಾಪ್ತ ವಯಸ್ಸಿಗೆ ಬಂದ ಮೂರು ವರ್ಷಗಳೊಳಗೆ ಕ್ರಯವನ್ನು ರದ್ದುಪಡಿಸಲು ದಾವೆ ಹೂಡಬಹುದು.

ಖಾತೆಯ ಬಗ್ಗೆಯೂ ಒಂದು ಮಾತು. ಖಾತೆ ಎಂಬುದು ತೆರಿಗೆ ಯಾರಿಂದ ವಸೂಲು ಮಾಡಬೇಕೆಂಬ ದಾಖಲೆ, ಅದು ಹಕ್ಕುಪತ್ರವಲ್ಲ. ಹಾಗೆಂದು ಅದಿಲ್ಲದೆ ನಡೆಯುವಂತೆಯೂ ಇಲ್ಲ: 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಆಸ್ತಿಗಳ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ನಿಯಮಬದ್ಧವಲ್ಲದ ಆಸ್ತಿಗೆ ಕೊಡುವ ಬಿ ಖಾತೆಯಿದ್ದರೆ ಬ್ಯಾಂಕ್ ಸಾಲ ಮತ್ತು ಕಟ್ಟಡ ಪರವಾನಗಿಯ ತೊಡಕು ಇರುತ್ತದೆ ಎಂಬುದನ್ನು ಬೆಲೆ ಮಾತಾಡುವಾಗಲೇ ನೆನಪಿನಲ್ಲಿಡಿ.

ಇಷ್ಟು ಆದ ಮೇಲೆ ಕ್ರಯದ ಕರಾರು. ಕರಾರಿನಿಂದ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ. ಮುಂದೆ ಕ್ರಯಪತ್ರ ಬರೆಸಿಕೊಳ್ಳುವ ಹಕ್ಕು ಮಾತ್ರ ಹುಟ್ಟುತ್ತದೆ. ಬೆಂಗಳೂರಿನ ಒಂದು ಶಿಕ್ಷಣ ಸಂಸ್ಥೆಯ ಜಮೀನಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಇದನ್ನೇ ಮತ್ತೆ ಹೇಳಿತು. ಕರಾರಿನಂತೆ 75 ಲಕ್ಷ ರೂಪಾಯಿ ನಗದು ಕೊಟ್ಟಿದ್ದೇವೆ ಎಂದವರ ದಾವೆ ತಿರಸ್ಕೃತವಾದದ್ದಲ್ಲದೆ, ಎರಡು ಲಕ್ಷ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಟ್ಟೆವೆಂದು ಹೇಳುವ ದಾವೆಗಳ ವಿಷಯವನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕೆಂದು ನ್ಯಾಯಾಲಯಗಳಿಗೆ ನಿರ್ದೇಶನವೂ ಬಂತು. ಆದ್ದರಿಂದ ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ. ಕರಾರಿನಲ್ಲಿ ಒಟ್ಟು ಬೆಲೆ, ಕೊಟ್ಟ ಮುಂಗಡ, ಕ್ರಯ ಮುಗಿಸಬೇಕಾದ ದಿನಾಂಕ, ಹಕ್ಕಿನಲ್ಲಿ ದೋಷ ಕಂಡರೆ ಮುಂಗಡ ಎಷ್ಟು ದಿನದಲ್ಲಿ ಹಿಂತಿರುಗಬೇಕು, ಬಾಕಿ ಸಾಲ ಯಾರು ತೀರಿಸಬೇಕು ಎಂಬ ಐದೂ ಸ್ಪಷ್ಟವಾಗಿರಲಿ. ಸ್ವಾಧೀನ ಕೊಟ್ಟು ಬರೆದ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ತಗಲುತ್ತದೆ. 2001ರ ಸೆಪ್ಟೆಂಬರ್ 24ರ ನಂತರದ ಕರಾರಾದರೆ, ನೋಂದಣಿಯಿಲ್ಲದೆ ಸ್ವಾಧೀನವನ್ನು ರಕ್ಷಿಸಿಕೊಳ್ಳುವ ಸ್ವತ್ತು ವರ್ಗಾವಣೆ ಅಧಿನಿಯಮದ ಕಲಂ 53-ಎ ಆಸರೆಯೂ ಸಿಗುವುದಿಲ್ಲ. ಕ್ರಯಕ್ಕೆ ಎರಡು ಮೂರು ತಿಂಗಳಿಗಿಂತ ಹೆಚ್ಚು ಸಮಯವಿದ್ದರೆ ಕರಾರನ್ನು ನೋಂದಾಯಿಸುವುದೇ ಲೇಸು, ಆಗ ಅದು ಇ.ಸಿ.ಯಲ್ಲಿ ಕಾಣುತ್ತದೆ, ಅದೇ ಆಸ್ತಿಯನ್ನು ಇನ್ನೊಬ್ಬರಿಗೆ ತೋರಿಸುವ ದಾರಿ ಮುಚ್ಚುತ್ತದೆ. ಒಪ್ಪಿದ ದಿನಾಂಕ ಮೀರಿದರೆ ಮೂರು ವರ್ಷಗಳೊಳಗೆ ದಾವೆ ಹೂಡಬೇಕು, ಮತ್ತು ಉಳಿದ ಹಣ ಕೊಡಲು ತಾವು ಸದಾ ಸಿದ್ಧರಿದ್ದೆವೆಂದು ಕೊಳ್ಳುವವರು ರುಜುವಾತು ಮಾಡಬೇಕಾಗುತ್ತದೆ. ಬಿಲ್ಡರ್‌ಗಳಿಂದ ಫ್ಲ್ಯಾಟ್ ಕೊಳ್ಳುವಾಗ, ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣವನ್ನು ಅವರು ಪಡೆಯುವಂತಿಲ್ಲ ಎಂದು ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯಿದೆ ಹೇಳುತ್ತದೆ.

ಜನರಲ್ ಪವರ್ ಆಫ್ ಅಟಾರ್ನಿ, ಕರಾರು ಮತ್ತು ಅಫಿಡವಿಟ್ ಮೂರನ್ನು ಸೇರಿಸಿ ಕೊಟ್ಟು “ಇದೇ ಕ್ರಯ” ಎನ್ನುವವರು ಇನ್ನೂ ಇದ್ದಾರೆ. ಅಂಥ ವ್ಯವಹಾರದಿಂದ ಮಾಲೀಕತ್ವ ಬರುವುದಿಲ್ಲವೆಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಹೊರದೇಶದಲ್ಲಿರುವ ಮಾಲೀಕರು ಊರಿನಲ್ಲಿರುವ ತಮ್ಮನಿಗೋ ತಾಯಿಗೋ ಕ್ರಯಪತ್ರಕ್ಕೆ ಸಹಿ ಹಾಕುವ ಅಧಿಕಾರ ಕೊಡುವುದು ಬೇರೆ ವಿಷಯ, ಅದು ನ್ಯಾಯಸಮ್ಮತ. ಅಮೆರಿಕದಲ್ಲೋ ದುಬೈಯಲ್ಲೋ ಇರುವವರು ಆ ಪತ್ರವನ್ನು ಅಲ್ಲಿನ ನೋಟರಿ ಅಥವಾ ಭಾರತೀಯ ದೂತಾವಾಸದ ಅಧಿಕಾರಿಯ ಮುಂದೆ ಬರೆದುಕೊಟ್ಟು ದೃಢೀಕರಿಸಬೇಕು, ಅದು ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅಧಿಕಾರ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಅಲ್ಲಿಗೇ ಮುಗಿಯುವುದರಿಂದ, ಕ್ರಯದ ದಿನ ಮಾಲೀಕರೊಂದಿಗೆ ವಿಡಿಯೊ ಕರೆಯಲ್ಲಿ ಮಾತಾಡುವುದು ಕೊಳ್ಳುವವರ ಹಿತಕ್ಕೆ ಒಳ್ಳೆಯದು. ಅನಿವಾಸಿಗಳಿಂದ ಕೊಳ್ಳುವಾಗ, ಇಲ್ಲಿನ ನಿವಾಸಿಗಳಿಗೆ ಅನ್ವಯಿಸುವ ಶೇ 1ರ ತೆರಿಗೆ ಕಡಿತದ ನಿಯಮ ಅನ್ವಯಿಸದು. ಕಡಿತ ಇನ್ನೂ ಹೆಚ್ಚು, ಮಾರುವವರು ಬೇಕಾದರೆ ಕಡಿಮೆ ದರದ ಪ್ರಮಾಣಪತ್ರವನ್ನು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಪಡೆಯಬೇಕು.

ಖರ್ಚಿನ ಲೆಕ್ಕ ಹೀಗಿದೆ. ನಗರದಲ್ಲಿ 60 ಲಕ್ಷ ರೂಪಾಯಿಯ ಮನೆಗೆ ಶೇ 5ರಂತೆ ಮುದ್ರಾಂಕ ಶುಲ್ಕ 3,00,000, ಆ ಶುಲ್ಕದ ಶೇ 10ರಷ್ಟು ಸೆಸ್ 30,000, ಶೇ 2ರಷ್ಟು ಸರ್ಚಾರ್ಜ್ 6,000, ಹಾಗೂ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ 1,20,000, ಒಟ್ಟು 4,56,000 ರೂಪಾಯಿ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ ಮತ್ತು ನಿಜವಾದ ಬೆಲೆ, ಇವೆರಡರಲ್ಲಿ ಹೆಚ್ಚಿನದರ ಮೇಲೆ ಶುಲ್ಕ. ಬೆಲೆ 50 ಲಕ್ಷ ಅಥವಾ ಅದಕ್ಕೂ ಹೆಚ್ಚಾದರೆ ಕೊಳ್ಳುವವರು ಶೇ 1ರಷ್ಟನ್ನು, ಈ ಉದಾಹರಣೆಯಲ್ಲಿ 60,000 ರೂಪಾಯಿಯನ್ನು, ಬೆಲೆಯಿಂದಲೇ ಹಿಡಿದುಕೊಂಡು ಮಾರುವವರ ಪ್ಯಾನ್ ಹೆಸರಿಗೆ ಸರ್ಕಾರಕ್ಕೆ ಕಟ್ಟಬೇಕು. ಪತ್ರದಲ್ಲಿ ಬೆಲೆ ಕಡಿಮೆ ತೋರಿಸೋಣ ಎಂಬ ಸಲಹೆಗೆ ಒಪ್ಪಬೇಡಿ. ನಾಳೆ ಕ್ರಯ ಬಿದ್ದುಹೋದರೆ ಪತ್ರದಲ್ಲಿ ಬರೆದ ಮೊತ್ತವನ್ನು ಬಿಟ್ಟು ಉಳಿದದ್ದನ್ನು ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಮಾರುವವರಿಗೆ ನಾನು ಹೇಳುವುದು ಚಿಕ್ಕದು. ಪೂರ್ತಿ ಹಣ ಖಾತೆಗೆ ಬಂದದ್ದು ಖಚಿತವಾದ ಮೇಲೆ ಅಥವಾ ಡಿ.ಡಿ. ಕೈಗೆ ಬಂದ ಮೇಲೆಯೇ ಸಹಿ ಹಾಕಿ. ಮುಂದಿನ ದಿನಾಂಕದ ಚೆಕ್ ಪಡೆದು ಕ್ರಯಪತ್ರ ಬರೆದುಕೊಟ್ಟರೆ ಮಾಲೀಕತ್ವ ಹೋಗಿರುತ್ತದೆ, ಬಾಕಿ ಹಣಕ್ಕಾಗಿ ಆಸ್ತಿಯ ಮೇಲೆ ಋಣಭಾರದ ಹಕ್ಕಷ್ಟೇ ಉಳಿಯುತ್ತದೆ. ಬ್ಯಾಂಕಿನ ಸಾಲ ತೀರಿಸಿದ ಮೇಲೆ ಬಿಡುಗಡೆ ಪತ್ರವನ್ನು ನೋಂದಾಯಿಸಿ, ಇ.ಸಿ.ಯಲ್ಲಿ ಅದು ಬಂದಿದೆಯೇ ನೋಡಿ. ಗೊತ್ತಿರುವ ದೋಷವನ್ನು ಮುಚ್ಚಿಡಬೇಡಿ, ಅದನ್ನು ತಿಳಿಸುವ ಹೊಣೆಯನ್ನು ಸ್ವತ್ತು ವರ್ಗಾವಣೆ ಅಧಿನಿಯಮದ ಕಲಂ 55 ಮಾರುವವರ ಮೇಲೆಯೇ ಹೊರಿಸಿದೆ.

ಕ್ರಯಪತ್ರದ ಕರಡನ್ನು ಕನಿಷ್ಠ ಒಂದು ವಾರ ಮೊದಲು ಕೇಳಿ ಪಡೆಯಿರಿ. ಆಸ್ತಿ ಹೇಗೆ ಬಂತೆಂಬ ಹಿನ್ನೆಲೆ, ಪಾವತಿಯ ಪ್ರತಿ ಕಂತಿನ ವಿವರ, ಸ್ವಾಧೀನ ಕೊಟ್ಟ ದಿನ, ಮುಂದೆ ಹಕ್ಕಿನಲ್ಲಿ ದೋಷ ಕಂಡರೆ ನಷ್ಟ ತುಂಬಿಕೊಡುವ ಒಪ್ಪಂದ, ಒಪ್ಪಿಸಿದ ಮೂಲಪತ್ರಗಳ ಪಟ್ಟಿ, ಇವೆಲ್ಲ ಅದರಲ್ಲಿರಲಿ. ಕಾವೇರಿ 2.0ರಲ್ಲಿ ವಿವರಗಳನ್ನು ಮೊದಲೇ ತುಂಬಿ, ಅಧಿಕಾರಿಯ ಪರಿಶೀಲನೆಯಾದ ಮೇಲೆ ಶುಲ್ಕ ಕಟ್ಟಿ, ಸಮಯ ಕಾಯ್ದಿರಿಸಬೇಕು. ಅಲ್ಲಿ ತುಂಬಿದ ಸರ್ವೆ ನಂಬರು, ಅಳತೆ, ಹೆಸರಿನ ಅಕ್ಷರಗಳನ್ನು ಕರಡಿನೊಂದಿಗೆ ನೀವೇ ಹೋಲಿಸಿ. ಸಹಿಯಾದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಸಹಿ ಹಾಕಿದ ಮೇಲೆ ಮಾರುವವರು ಕಚೇರಿಗೆ ಬರಲು ತಪ್ಪಿಸಿಕೊಂಡರೂ ದಾರಿ ಮುಚ್ಚುವುದಿಲ್ಲ: ಕೊಂಡವರೊಬ್ಬರೇ ಪತ್ರವನ್ನು ಹಾಜರುಪಡಿಸಿ, ಅವರಿಗೆ ಸಮನ್ಸ್ ಕಳುಹಿಸುವಂತೆ ಕೇಳಬಹುದು, ಅಧಿಕಾರಿ ನೋಂದಣಿ ನಿರಾಕರಿಸಿದರೆ 30 ದಿನಗಳೊಳಗೆ ಜಿಲ್ಲಾ ನೋಂದಣಾಧಿಕಾರಿಯ ಮೊರೆ ಹೋಗಬಹುದು.

ನೋಂದಣಿ ಮುಗಿದ ದಿನ ಮೂಲಪತ್ರಗಳನ್ನು ಪಟ್ಟಿಯಂತೆ ಎಣಿಸಿ ಪಡೆಯಿರಿ. ಕೃಷಿ ಜಮೀನಾದರೆ ಉಪನೋಂದಣಿ ಕಚೇರಿಯಿಂದ ಕ್ರಯದ ಮಾಹಿತಿಯಿರುವ ಜೆ-ಸ್ಲಿಪ್ ತಾಲ್ಲೂಕು ಕಚೇರಿಗೆ ಹೋಗಿ ಮ್ಯುಟೇಶನ್ ಆರಂಭವಾಗುತ್ತದೆ, ಆದರೆ ಪಹಣಿಯ 9ನೇ ಕಾಲಂನಲ್ಲಿ ನಿಮ್ಮ ಹೆಸರು ಬರುವವರೆಗೆ ಆಗಾಗ ನೋಡುತ್ತಿರಬೇಕು, ನಡುವೆ ತಕರಾರು ಅರ್ಜಿ ಬಂದಿದ್ದರೆ ಹಾಜರಾಗಬೇಕು. ಸೈಟಾದರೆ ಖಾತೆ ವರ್ಗಾವಣೆ, ವಿದ್ಯುತ್ ಮತ್ತು ನೀರಿನ ಸಂಪರ್ಕದ ಹೆಸರು ಬದಲಾವಣೆ. ಎರಡು ತಿಂಗಳ ನಂತರ ನಿಮ್ಮದೇ ಕ್ರಯ ಸರಿಯಾಗಿ ಬಂದಿದೆಯೇ ಎಂದು ಇನ್ನೊಂದು ಇ.ಸಿ. ತೆಗೆಸಿ ನೋಡಿ, ಜಮೀನಿಗೆ ಹದ್ದುಬಸ್ತಿನ (ಗಡಿ ಗುರುತಿಸುವ ಅಳತೆಯ) ಅರ್ಜಿ ಹಾಕಿ, ಅಕ್ಕಪಕ್ಕದ ಹಿಡುವಳಿದಾರರ ಎದುರಿನಲ್ಲೇ ಅಳತೆ ಮಾಡಿಸಿ ಕಲ್ಲು ನೆಡಿಸಿ.